ತಂಗಿಯ ಬಾಗಿಲು ಬಡಿದವರು ಯಾರು

ದೆವ್ವ, ಗಾಳಿ, ಸೋಂಕು ಎಂದವರ ಎದುರಿಗೇ ನಕ್ಕವನು ನಾನು. ಗುಬ್ಬಿಯಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಮದುವೆ ಮನೆಗೂ ಸಾವಿನ ಮನೆಗೂ ಅದೇ ಕಂಬ, ಅದೇ ಬಟ್ಟೆ ಕಟ್ಟಿ ಬರುತ್ತೇನೆ. ಸ್ಮಶಾನದ ಮಗ್ಗುಲಲ್ಲಿ ಒಬ್ಬನೇ ಮಲಗಿ ಸಾಮಾನು ಕಾದದ್ದೂ ಉಂಟು. ಅಂಥವನು ಬರೆಯುತ್ತಿರುವ ಇದನ್ನು ನೀವು ನಂಬಲೇಬೇಕು ಎಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ನನ್ನ ತಂಗಿಯ ಭುಜದ ಕೀಲು ತಪ್ಪಿದ್ದಂತೂ ನಿಜ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿ ಕಳೆದಿತ್ತು. ಆ ವಾರವೆಲ್ಲ ಬೆಳಿಗ್ಗೆ ಉರಿಬಿಸಿಲು, ಮಧ್ಯಾಹ್ನ ದಾಟುತ್ತಲೇ ಕುಣಿಗಲ್ ಕಡೆಯಿಂದ ಕಪ್ಪು ಮೋಡ, ಆಮೇಲೆ ಬಿರುಗಾಳಿ, ಸಿಡಿಲು. ಮೊಬೈಲಿಗೆ ದಿನವೂ ಎಚ್ಚರಿಕೆಯ ಮೆಸೇಜು ಬರುತ್ತಿತ್ತು. ಸಿಡಿಲಿಗೆ ಸತ್ತ ಕುರಿಗಳ ಫೋಟೋಗಳು ವಾಟ್ಸಾಪಿನಲ್ಲಿ ಓಡಾಡುತ್ತಿದ್ದವು. ಆದರೂ ನಮ್ಮ ತಾಲ್ಲೂಕಿನ ಕಡಬದಲ್ಲಿ ಒಂದು ನಿಶ್ಚಿತಾರ್ಥದ ಚಪ್ಪರ ಒಪ್ಪಿಕೊಂಡಾಗಿತ್ತು. ಮಾತು ಕೊಟ್ಟಮೇಲೆ ಬಿಡುವ ಹಾಗಿರಲಿಲ್ಲ.

ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ನಾನು, ನಯಾಜ್ ಶಾಮಿಯಾನ ಎಬ್ಬಿಸಿದೆವು. ನಯಾಜ್ ನನ್ನ ಜೊತೆ ಬಹಳ ವರ್ಷದಿಂದ ದುಡಿಯುತ್ತಿರುವವನು. ಸಂಜೆಗೆ ಇನ್ನೂ ಹೊತ್ತಿತ್ತು, ಆದರೆ ಬೆಳಕು ಸತ್ತುಹೋಯಿತು. ಅವನು ಆಕಾಶ ನೋಡಿದವನೇ, “ಅಣ್ಣಾ, ಇದು ಸುಮ್ನೆ ಹೋಗೋ ಮೋಡ ಅಲ್ಲ. ಬಟ್ಟೆ ಇಳಿಸ್ಬುಡಣ,” ಎಂದ.

ಇಳಿಸಲು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಗಾಳಿ ನುಗ್ಗಿತು. ಶಾಮಿಯಾನ ಒಮ್ಮೆಗೇ ಉಬ್ಬಿ, ಗೂಟಗಳನ್ನು ಕಿತ್ತುಕೊಂಡು, ಕಬ್ಬಿಣದ ಕಂಬಗಳ ಸಮೇತ ಮೇಲೆದ್ದಿತು. ಕುರ್ಚಿಗಳು ಉರುಳುತ್ತಾ ಕೆರೆಯ ಕಡೆ ಓಡಿದವು. ಆಲಿಕಲ್ಲು ಯಾರೋ ಸೇಡು ತೀರಿಸಿಕೊಳ್ಳುವ ಹಾಗೆ ಬೆನ್ನಿಗೆ, ತಲೆಗೆ ಬೀಳುತ್ತಿತ್ತು. ಏರಿಯ ಮೇಲಿನ ತೆಂಗಿನಮರಕ್ಕೆ ಸಿಡಿಲು ಬಡಿದು, ಆ ಮಳೆಯಲ್ಲೂ ಅದರ ಸುಳಿ ಧಗಧಗ ಉರಿಯಿತು. ನಾನು ಹಗ್ಗ ಬಿಟ್ಟಿರಲಿಲ್ಲ. ಅಂಗೈ ಚರ್ಮ ಸುಲಿದುಹೋಗುತ್ತಿತ್ತು. ಒಂದು ಕಂಬ ಗಿರ್ರನೆ ತಿರುಗಿ ಬಂದು ಎಡಹುಬ್ಬಿನ ಮೇಲೆ ಅಪ್ಪಳಿಸಿತು. ನನಗೆ ನೆನಪಿರುವುದು ಅಲ್ಲಿಯವರೆಗೆ.

ಎಚ್ಚರವಾದಾಗ ನಮ್ಮ ಟೆಂಪೋದ ಕೆಳಗೆ, ಕೆಸರಿನಲ್ಲಿದ್ದೆ. ನಯಾಜ್ ನನ್ನನ್ನು ಅಲ್ಲಿಗೆ ಎಳೆದು ತಂದು, ಟವೆಲಿನಿಂದ ಹಣೆ ಕಟ್ಟಿ, ನನ್ನ ಕೈ ಹಿಡಿದು ಅಳುತ್ತಾ ಕೂತಿದ್ದ. “ಹೆಣದಂಗೆ ಬಿದ್ದಿದ್ರಿ ಅಣ್ಣಾ. ಕೈ ಬಿಟ್ರೆ ಎಲ್ಲಿ ಹೊಂಟೋಗ್ತೀರೋ ಅಂತ ಹಿಡ್ಕಂಡೇ ಇದ್ದೆ,” ಎಂದ.

ಗುಬ್ಬಿಗೆ ಬಂದು ಹುಬ್ಬಿಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದಾಗ ನಯಾಜನ ಫೋನು ಬಡಿದುಕೊಂಡಿತು. ನನ್ನದು ನೀರು ಕುಡಿದು ಕೆಟ್ಟಿತ್ತು. ಮಾತಾಡಿದವಳು ನನ್ನ ತಂಗಿ ಗಿರಿಜ. ಅವನು ಫೋನನ್ನು ನನ್ನ ಕಿವಿಗೆ ಹಿಡಿದ. ನನ್ನ ದನಿ ಕೇಳಿ, ನಾನೇ ಹೌದೋ ಎಂದು ಅವಳು ಎರಡು ಸಲ ವಿಚಾರಿಸಿದಳು. ಆಮೇಲೆ ಕೇಳಿದಳು.

“ಅಣ್ಣಾ, ನೀನ್ ಹೆಂಗ್ ಆಚೆ ಬಂದೆ?”

“ಎಲ್ಲಿಂದ?”

“ನಮ್ಮನೆಯಿಂದ. ಎಲ್ರೂ ಸೇರಿ ಇಟ್ಗೆ ತೆಗೆದು ನೋಡುದ್ರು, ನೀನೇ ಇಲ್ಲ. ಹುಬ್ಬಿನ್ ಮೇಲೆ ಅಷ್ಟೊಂದ್ ರಕ್ತ ಸೋರ್ತಿತ್ತಲ್ಲ, ತೋರಿಸ್ಕೊಂಡ್ಯಾ?”

ಡಾಕ್ಟರ ಸೂಜಿ ಆಗ ನನ್ನ ಹುಬ್ಬಿನಲ್ಲೇ ಇತ್ತು. ನನಗೆ ಪೆಟ್ಟಾದದ್ದನ್ನು ನಾವು ಇನ್ನೂ ಯಾರಿಗೂ ತಿಳಿಸಿರಲಿಲ್ಲ.

ಗಿರಿಜ ಇದ್ದದ್ದು ತುಮಕೂರಿನ ಸದಾಶಿವನಗರದಲ್ಲಿ, ಮಹಡಿಯ ಮೇಲಿನ ಶೀಟಿನ ಮನೆಯಲ್ಲಿ. ಅವಳ ಗಂಡ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟಿಗೆ ಹೋಗಿದ್ದ. ಹೆಚ್ಚುಕಡಿಮೆ ನಾನು ಟೆಂಪೋದ ಕೆಳಗೆ ಬಿದ್ದಿದ್ದ ಹೊತ್ತಿನಲ್ಲೇ ಅಲ್ಲೂ ಗಾಳಿ ಎದ್ದಾಗ, ಅವಳು ಪುಟ್ಟ ಮಗಳನ್ನು ತಬ್ಬಿ ಮಂಚದ ಮೇಲೆ ಮುದುಡಿಕೊಂಡಿದ್ದಳಂತೆ. ಯಾರೋ ಬಾಗಿಲು ಗುದ್ದಿದರು. “ಗಿರೀ, ಬಾಗ್ಲು ತೆಗಿಯೇ!” ಎಂದದ್ದು ನನ್ನದೇ ದನಿ. ತೆಗೆದಳು. ತೊಪ್ಪೆಯಾಗಿ, ಮುಖದ ತುಂಬ ರಕ್ತ ಇಳಿಸಿಕೊಂಡು ನಾನು ನಿಂತಿದ್ದೆನಂತೆ. ಒಂದು ಮಾತೂ ಆಡದೆ ಅವಳ ಜಡೆ ಹಿಡಿದೆನಂತೆ. ಬಿಡಿಸಿಕೊಳ್ಳಲು ಹೋದಾಗ ಕಪಾಳಕ್ಕೆ ಬಾರಿಸಿದೆನಂತೆ. ತೋಳು ಹಿಡಿದು ಜಗ್ಗಿ, ತಾಯಿ ಮಗಳಿಬ್ಬರನ್ನೂ ಆಲಿಕಲ್ಲಿನ ನಡುವೆ ಮೆಟ್ಟಿಲಿನಿಂದ ಕೆಳಕ್ಕೆ ನೂಕಿದೆನಂತೆ. ಆ ಜಗ್ಗಾಟದಲ್ಲೇ ಅವಳ ಭುಜ ತಪ್ಪಿದ್ದು.

ಕೆಳಗೆ ಬಿದ್ದವಳು ನನ್ನನ್ನು ಬೈಯಲು ತಿರುಗಿದಳು. ಅಷ್ಟರಲ್ಲಿ, ಪಕ್ಕದ ಮನೆಯವರು ಮಹಡಿ ಮೇಲೆ ಹೊಸದಾಗಿ ಎಬ್ಬಿಸಿದ್ದ ಸಿಮೆಂಟ್ ಇಟ್ಟಿಗೆಯ ಗೋಡೆ ಪೂರ್ತಿ ಕಳಚಿ ಶೀಟಿನ ಮೇಲೆ ಕುಸಿಯಿತು. ಮಂಚ ಅಪ್ಪಚ್ಚಿಯಾಯಿತು. “ನಮ್ಮಣ್ಣ ಒಳಗವ್ನೆ” ಎಂದು ಅವಳು ಕಿರುಚಿಕೊಂಡದ್ದಕ್ಕೆ ಬೀದಿಯವರು ಸುರಿಯುವ ಮಳೆಯಲ್ಲೇ ಬರಿಗೈಯಿಂದ ಇಟ್ಟಿಗೆ ಎತ್ತಿ ಹಾಕಿದರು. ಒಳಗೆ ಯಾರೂ ಇರಲಿಲ್ಲ.

ಮಾರನೆಯ ದಿನ ಹೋದೆ. ಕೆಳಗಿನ ಮನೆಯ ಅಜ್ಜಿಯನ್ನು ಕೇಳಿದೆ. “ಅವ್ಳು ಉರುಳ್ಕಂಡ್ ಬಂದಿದ್ ಕಂಡೆ ಕಣಪ್ಪ. ಹಿಂದೆ ಒಬ್ರು ಇದ್ದಂಗಿತ್ತು. ನೀನೇ ಅಂತ ಹೆಂಗೇಳ್ಲಿ, ಮಳೆ ಕಣ್ಣಿಗೇ ಹೊಡೀತಿತ್ತು,” ಎಂದರು.

ಕಡಬದಿಂದ ಸದಾಶಿವನಗರಕ್ಕೆ ಒಳ್ಳೆಯ ದಿನದಲ್ಲೇ ಗಂಟೆಯ ದಾರಿ. ಆ ಸಂಜೆ ಗುಬ್ಬಿಯಿಂದಾಚೆ ದಾರಿಯುದ್ದಕ್ಕೂ ಮರಗಳು ಉರುಳಿದ್ದವು. ಹೆದರಿಕೆಯಲ್ಲಿ ಅವಳೇ ಓಡಿ ಬಂದು, ಮೆಟ್ಟಿಲಲ್ಲಿ ಬಿದ್ದು ಭುಜ ತಪ್ಪಿಸಿಕೊಂಡು, ಆಮೇಲೆ ಏನೇನೋ ಕಲ್ಪಿಸಿಕೊಂಡಿರಬಹುದು. ಅವಳ ಭುಜ ಕೂರಿಸಿದ ಡಾಕ್ಟರು ಹೇಳಿದ್ದೂ ಅದನ್ನೇ. ನಾನೂ ಹಾಗೆಂದುಕೊಂಡು ಎಷ್ಟೋ ರಾತ್ರಿ ಮಲಗಿದ್ದೇನೆ. ಆದರೆ ನನ್ನ ಹುಬ್ಬು ಒಡೆದದ್ದು ಅವಳಿಗೆ ಹೇಗೆ ಗೊತ್ತಾಯಿತು?

ಎಲ್ಲರೂ ಇದನ್ನು ದೇವರ ದಯೆ ಎಂದರು. ಅಣ್ಣನ ರೂಪದಲ್ಲಿ ಬಂದು ಕಾಪಾಡಿದ ಎಂದರು. ಗಿರಿಜ ಮಾತ್ರ ಹಾಗೆನ್ನಲಿಲ್ಲ. ನಮ್ಮಪ್ಪ ಕುಡಿದು ಬಂದು ಮನೆಮಂದಿಯನ್ನೆಲ್ಲ ಬಡಿಯುತ್ತಿದ್ದವನು. ಆಗೆಲ್ಲ ಅವಳು ಓಡಿಬಂದು ಅಡಗುತ್ತಿದ್ದದ್ದು ನನ್ನ ಬೆನ್ನಿನ ಹಿಂದೆ. ನಾನು ಅವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. “ಕಾಪಾಡೋಕ್ ಬಂದವ್ನ ಕಣ್ಣು ಹಂಗಿರಲ್ಲ ಅಣ್ಣಾ. ಕೊಲ್ಲಕ್ಕೇ ಬಂದಂಗಿತ್ತು,” ಎಂದಳು ಒಮ್ಮೆ. ನಾನು ಬೆವರು ಒರೆಸಿಕೊಳ್ಳಲು ಕೈ ಎತ್ತಿದರೂ ಅವಳ ಮಗಳು ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತಿದ್ದಳು.

ಅಲ್ಲಿಂದೀಚೆಗೆ ಮೋಡ ಕಟ್ಟಿತೆಂದರೆ ಗಿರಿಜ ಫೋನ್ ಮಾಡುತ್ತಾಳೆ. “ಎಲ್ಲಿದೀಯಾ?” ಎನ್ನುತ್ತಾಳೆ. ಮಳೆ ನಿಲ್ಲುವವರೆಗೆ ಫೋನ್ ಇಡುವುದಿಲ್ಲ. ಸಾರು, ಸ್ಕೂಲು, ತರಕಾರಿ ಎಂದು ಏನಾದರೂ ಮಾತಾಡಿಸುತ್ತಲೇ ಇರುತ್ತಾಳೆ. ನನ್ನ ಮೇಲಿನ ಕಾಳಜಿ ಎಂದು ಮೊದಮೊದಲು ಅಂದುಕೊಂಡಿದ್ದೆ. ನಾನು ಇರುವಲ್ಲಿಯೇ ಇದ್ದೇನೆ ಎಂದು ಖಾತ್ರಿ ಮಾಡಿಕೊಳ್ಳಲು ಎಂದು ಗೊತ್ತಾಗಲು ಬಹಳ ಸಮಯ ಹಿಡಿಯಿತು.

ಕಳೆದ ಬೇಸಿಗೆಯಲ್ಲಿ ಅಂಥದೇ ಮಳೆ. ಅವಳೀಗ ಆರ್‌ಸಿಸಿ ತಾರಸಿಯ ಗಟ್ಟಿ ಮನೆಯಲ್ಲಿದ್ದಾಳೆ. ನಾನು ಅಂಗಡಿಯ ಗೋಡೌನಿನಲ್ಲಿ, ನಯಾಜನ ಎದುರಿಗೇ ನಿಂತು ಮಾತಾಡುತ್ತಿದ್ದೆ. ಮಧ್ಯದಲ್ಲಿ ಲೈನ್ ಕಟ್ಟಾಯಿತು. ಮತ್ತೆ ಸಿಕ್ಕಾಗ ಅವಳು ಪಿಸುಗುಟ್ಟುತ್ತಿದ್ದಳು.

“ಅಣ್ಣಾ, ಗುಬ್ಬೀಲೇ ಇದೀಯಾ?”

“ಇಲ್ಲೇ ಇದೀನಿ ಕಣೇ. ಯಾಕೆ?”

“ಬಾಗ್ಲು ಬಡೀತಾವ್ರೆ.”

“ಗಾಳಿ ಇರ್ಬೇಕು.”

“ಗಾಳಿ ‘ಗಿರೀ’ ಅಂತ ಕರೆಯುತ್ತಾ?”

ತೆಗೆಯಬೇಡ ಎನ್ನಬೇಕೋ, ಮಗಳನ್ನು ಕರೆದುಕೊಂಡು ಹೊರಗೆ ಓಡು ಎನ್ನಬೇಕೋ ನನಗೆ ತಿಳಿಯಲಿಲ್ಲ. ಅವಳು ತೆಗೆಯಲಿಲ್ಲ. ಅಂದು ಅವಳ ಮನೆಗೆ ಏನೂ ಆಗಲಿಲ್ಲ, ಕಾಪಾಡಲು ಯಾರೂ ಬರಬೇಕಾಗಿರಲಿಲ್ಲ. ಮಳೆ ನಿಂತಮೇಲೆ ಬಾಗಿಲ ಹೊರಗೆ ಯಾರೂ ಇರಲಿಲ್ಲವಂತೆ.