ಸಿದ್ದಕ್ಕನ ಆಪಿನ ಹೊಲ

ಸಿದ್ದಕ್ಕನ ಐದು ಎಕರೆಯಲ್ಲಿ ಎಂಟು ವರ್ಷಗಳಿಂದ ಕಪ್ಪೆಗಳದ್ದೇ ಸಾಗುವಳಿ. ಪಹಣಿಯಲ್ಲಿ ಮಾತ್ರ ಅವಳ ಹೆಸರು. ಲೋಕಾಪುರದ ರಸ್ತೆ ಬಿಟ್ಟು ಹಳ್ಳದ ಕಡೆಗೆ ಇಳಿದರೆ ಮೊದಲು ಸಿಗುವುದು ನಲವತ್ತು ಎಕರೆ ಕಬ್ಬು. ಅದು ಮುಗಿದಲ್ಲಿ ಅವಳ ಹೊಲ, ಹೊಲದ ಕೆಳಗೆ ಹಳ್ಳದ ದಂಡೆಯ ಬಾವಿ, ಬಾವಿಯ ಸುತ್ತ ಮೂವತ್ತು ಮನೆಗಳ ವಸ್ತಿ. ನಡುವಿನ ಈ ಹೊಲದಲ್ಲಿ ಈಗ ಆಳೆತ್ತರದ ಜೊಂಡು ನಿಂತಿದೆ. ಈ ಕಡೆಯವರು ಅದಕ್ಕೆ ಆಪು ಅನ್ನುತ್ತಾರೆ. ಒಳಗೆ ಕಾಲಿಟ್ಟರೆ ಮೊಣಕಾಲಿನ ತನಕ ಕೆಸರು, ಚಪ್ಪಲಿ ಹೋದರೆ ಹೋಯಿತು.

ಅವಳು ಮದುವೆಯಾಗಿ ಬಂದಾಗ ಇದು ನಂಬರ್ ಒಂದು ಎರೆಹೊಲ. ಗಂಡ ಜಕ್ಕಪ್ಪ ಕುರಿಗಾರ. ಮುಂಗಾರಿನಲ್ಲಿ ಕುರಿ ಹೊಡೆದುಕೊಂಡು ಊರೂರು ತಿರುಗುವವನು ಮಹಾನವಮಿಗೆ ಸರಿಯಾಗಿ ಬಂದು ಬಿಳಿಜೋಳ ಬಿತ್ತುತ್ತಿದ್ದ. ಸುಗ್ಗಿ ಮುಗಿದ ಮೇಲೆ ಮೇಲಿನ ರೈತರು ಒಬ್ಬರಾದ ಮೇಲೊಬ್ಬರು ಕರೆದು ತಮ್ಮ ಖಾಲಿ ಹೊಲಗಳಲ್ಲಿ ಅವನ ಕುರಿ ತರುಬಿಸುತ್ತಿದ್ದರು. ತರುಬುವುದೆಂದರೆ ಮಂದೆಯನ್ನು ಕತ್ತಲಾದಾಗಿನಿಂದ ಬೆಳಗಾಗುವವರೆಗೆ ಹೊಲದಲ್ಲೇ ನಿಲ್ಲಿಸುವುದು. ಹಿಕ್ಕೆ, ಗಂಜಲ ಅಲ್ಲೇ ಬಿದ್ದು ಹೊಲಕ್ಕೆ ಗೊಬ್ಬರ, ಕುರಿಗಾರನ ಮನೆಗೆ ಕಾಳು. ಹೀಗೆ ವರ್ಷದಲ್ಲಿ ಆರು ತಿಂಗಳು ಸಿದ್ದಕ್ಕನ ಅಡುಗೆಮನೆಯಲ್ಲಿ ಎರಡು ತಾಟು ಬೀಳುತ್ತಿದ್ದವು. ಜಕ್ಕಪ್ಪ ಬಿಸಿ ರೊಟ್ಟಿಯನ್ನು ಮುರಿಯುವ ಮೊದಲು ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದ. "ನಮ್ಮ ಹೊಲದ್ದಽ ಐತಿ," ಅನ್ನುತ್ತಿದ್ದ. ದಿನಾ ಅದೇ ಹೊಲದ್ದು, ದಿನಾ ಅದೇ ಮಾತು. ಆಗ ಅವಳಿಗೆ ಅದು ಕೇಳಿ ಕೇಳಿ ಬೇಸರ ಬರುತ್ತಿತ್ತು.

ಆಮೇಲೆ ಮೇಲಿನವರಿಗೆ ನದಿಯ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. ಕಬ್ಬಿನ ಹೊಲ ಖಾಲಿ ಬೀಳುವುದೇ ಇಲ್ಲ. ಕಡಿದರೆ ಕೂಳೆ ಏಳುತ್ತದೆ, ಅದನ್ನು ಕಡಿದರೆ ಇನ್ನೊಂದು ಕೂಳೆ. ಕುರಿ ತರುಬಲು ಜಾಗ ಹೋಯಿತು, ಕುರಿಯ ಜಾಗಕ್ಕೆ ಯೂರಿಯಾ ಚೀಲ ಬಂದವು. ಹರಿಬಿಟ್ಟ ನೀರನ್ನು ಕಬ್ಬು ಕುಡಿದಷ್ಟು ಕುಡಿದು ಉಳಿಸಿದ್ದು ನೆಲದೊಳಗೆ ಇಳಿಯಿತು; ಕೆಳಗಿನ ಗಟ್ಟಿ ಗರಸಿಗೆ ತಾಗಿ ಮುಂದೆ ಇಳಿಯಲಾರದೆ ಪಕ್ಕಕ್ಕೆ ಜಾರಿತು. ಜೊತೆಗೆ ಕಬ್ಬು ತಿಂದು ಬಿಟ್ಟ ಯೂರಿಯಾವನ್ನೂ ಕರಗಿಸಿಕೊಂಡು, ಯಾರ ಕಣ್ಣಿಗೂ ಬೀಳದೆ, ಇಳಿಜಾರಿನ ಕೊನೆಯ ಹೊಲದಲ್ಲಿ ಮೇಲೆದ್ದಿತು. ಆ ಕೊನೆಯ ಹೊಲ ಸಿದ್ದಕ್ಕನದು.

ಮೊದಲ ವರ್ಷ ಅಲ್ಲಲ್ಲಿ ಬಿಳಿ ಪುಡಿ ಕಂಡಿತು. ಎರಡನೆಯ ವರ್ಷ ಜೋಳ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಂತುಬಿಟ್ಟಿತು. ಜಕ್ಕಪ್ಪ ಕುರಿಗಾರ, ಅವನಿಗೆ ಗೊತ್ತಿದ್ದದ್ದು ಭೂಮಿಯ ಒಂದೇ ರೋಗ: ಹಸಿವು. ಹೊಲ ಸೊರಗಿತೆಂದರೆ ಕುರಿ ತರುಬು. ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು ಅದನ್ನೇ. ಅವನ ಕುರಿಗಳೂ ಆ ಬಿಳಿ ಉಪ್ಪನ್ನು ಖುಷಿಯಿಂದ ನೆಕ್ಕಿದವು. "ಕುರಿ ಮೆಚ್ಚೂ ನೆಲ ಕೆಟ್ಟಿರೂದಿಲ್ಲ ಬಿಡ," ಅಂದ. ಇನ್ನೂರು ಕುರಿಗಳನ್ನು ಒಂದು ತಿಂಗಳು ಅಲ್ಲೇ ತರುಬಿದ. ಆದರೆ ಆ ಹೊಲ ಹಸಿದಿರಲಿಲ್ಲ. ಕಂಡವರ ಹೊಲದ್ದೆಲ್ಲ ಉಂಡು, ಅರಗಿಸಿಕೊಳ್ಳಲಾಗದೆ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು. ಅದಕ್ಕೆ ಇನ್ನಷ್ಟು ಬಡಿಸಿದ ಹಾಗಾಯಿತು. ಕೆಸರಿನಲ್ಲಿ ನಿಂತೂ ನಿಂತೂ ಕುರಿಗಳ ಗೊರಸು ಕೊಳೆಯಿತು. ನೂರಾ ಹತ್ತು ಕುರಿ ಸತ್ತವು.

ಜಕ್ಕಪ್ಪ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಸಿದ್ದಕ್ಕನಿಗೆ ಈಗಲೂ ಅನ್ನಿಸುತ್ತದೆ. ಉಳಿದ ತೊಂಬತ್ತನ್ನು ಹೊಡೆದುಕೊಂಡು ಭತ್ತದ ಗದ್ದೆಗಳಿರುವ ಖಾನಾಪುರದ ಕಡೆ ಹೊರಟ. ಅಲ್ಲಿ ಇನ್ನೂ ಕುರಿ ತರುಬಿಸಿಕೊಳ್ಳುವವರಿದ್ದರು.

"ಯಾವಾಗ ಬರ್ತಿ?" ಅಂದಳು ಸಿದ್ದಕ್ಕ.

"ಹೊಲ ಆರಲಿ. ಬರ್ತೇನಿ," ಅಂದ.

ಎಂಟು ವರ್ಷವಾಯಿತು. ವರ್ಷಕ್ಕೊಮ್ಮೆ ಬೀರಪ್ಪನ ಗುಡಿಗೆಂದು ಬಂದು, ನೆಂಟನ ಹಾಗೆ ಎರಡು ದಿನ ಇದ್ದು, ಹೊಲದ ಕಡೆ ತಲೆ ಹಾಕದೆ ಹೋಗುತ್ತಾನೆ. ಸೋಮವಾರಕ್ಕೊಮ್ಮೆ ಫೋನು. ಅವನು ಕೇಳುವುದು ಒಂದೇ ಪ್ರಶ್ನೆ, "ಹೊಲ ಆರಿತೇನು?" ಅವಳು ಕೊಡುವುದು ಒಂದೇ ಉತ್ತರ, "ಇಲ್ಲ. ಆರಿದ ಮ್ಯಾಲ ಹೇಳ್ತೇನಿ, ಬರಾಕಂತಿ." ಗಂಡ ಹೆಂಡತಿ ಮಾತಾಡಿದ್ದನ್ನು ಬೇರೆ ಯಾರಾದರೂ ಕೇಳಿದ್ದರೆ ಇಬ್ಬರೂ ಹೊಲದ ದಲಾಲರು ಅಂದುಕೊಳ್ಳಬೇಕು. ಫೋನಿಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂರುತ್ತಿದ್ದಳು. ಅವನ ಮೇಲೆ ಅವಳಿಗೆ ಅಷ್ಟು ಆಸೆ ಇತ್ತು. ಐವತ್ತೆರಡರ ಹೆಂಗಸು ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಪಟ್ಟು ಹೊಲದ ಮೇಲೆ ಹಾಕುತ್ತಿದ್ದಳು.

ಹೊಟ್ಟೆಪಾಡಿಗೆ ಅವಳು ವಸ್ತಿಯ ಅಂಗನವಾಡಿಯಲ್ಲಿ ಸಹಾಯಕಿ. ಇಪ್ಪತ್ತೆರಡು ಮಕ್ಕಳು. ಬೆಳಿಗ್ಗೆ ಹಳ್ಳದ ಬಾವಿಯಿಂದ ನೀರು ಸೇದಿ ತಂದು ಅವಕ್ಕೆ ಗಂಜಿ ಮಾಡುವುದು ಅವಳ ಕೆಲಸ. ನಳವೇನೋ ಇದೆ, ನೀರು ಬಂದ ದಿನ ಬಂತು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಬಸಿಗಾಲುವೆಯ ಸುದ್ದಿ ಬಂತು. ಮೇಲಿನ ಕಬ್ಬಿಗೂ ಬೇರಿನಲ್ಲಿ ನೀರು ನಿಂತು ಜವಳು ಹಿಡಿದು ಇಳುವರಿ ಬಿದ್ದಿತ್ತು. ಹೊಲಗಳಲ್ಲಿ ತೂತಿನ ಪೈಪು ಹೂಳಿ, ಹೆಚ್ಚಾದ ನೀರನ್ನು ಒಟ್ಟುಗೂಡಿಸಿ, ಸಿದ್ದಕ್ಕನ ಹೊಲವನ್ನು ನಡುವೆ ಸೀಳಿಕೊಂಡು ಕಾಲುವೆ ತೆಗೆದು ನೇರ ಹಳ್ಳಕ್ಕೆ ಬಿಡುವ ಯೋಜನೆ. ಇಂಜಿನಿಯರು ಬಂದು ನಕ್ಷೆ ಹರಡಿದರು. "ಎರಡ ಬ್ಯಾಸಿಗಿ ಸಾಕ್ರಿ ಅಕ್ಕಾರ, ನಿಮ್ಮ ಹೊಲ ಮೊದಲಿನಂಗ ಆಕ್ಕೈತಿ," ಅಂದರು. ಸಿದ್ದಕ್ಕ ಆ ದಿನ ಹೊಲದ ಬದುವಿನ ಮೇಲೆ ಕೂತು ಅತ್ತಳು. ಸಂತೋಷಕ್ಕೆ. ಮನೆಗೆ ಬಂದು ಅಟ್ಟದ ಮೇಲಿದ್ದ ಬಿತ್ತುವ ಕೂರಿಗೆಯನ್ನು ಇಳಿಸಿ ಧೂಳು ಒರೆಸಿದಳು. ಜಕ್ಕಪ್ಪನಿಗೆ ಮಾತ್ರ ಹೇಳಲಿಲ್ಲ. ಕಾಗದಕ್ಕೆ ಸಹಿಯಾದ ದಿನವೇ ಹೇಳಬೇಕೆಂದು ಬಾಯಿ ಬಿಗಿಹಿಡಿದಳು.

ಸಹಿಗೆ ಮೊದಲು ನೀರಿನ ಪರೀಕ್ಷೆ ಆಗಬೇಕಿತ್ತು. ಅದಕ್ಕೆ ಬಂದವಳು ಅಂಜನಾ, ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಕೃಷಿ ಕಾಲೇಜಿನಲ್ಲಿ ನೀರು-ಮಣ್ಣಿನ ಕೆಲಸ. ತಿಂಗಳಿಗೊಮ್ಮೆ ಸ್ಕೂಟಿಯ ಮೇಲೆ ಬರುತ್ತಿದ್ದಳು. ಆಪಿಗೆ ನೀರು ಬರುವಲ್ಲಿ ಒಂದು ಬಾಟಲಿ, ಆಪು ದಾಟಿ ಹೊರಬೀಳುವಲ್ಲಿ ಒಂದು ಬಾಟಲಿ. ಪುಡಿ ಹಾಕಿ ಅಲುಗಿಸಿದರೆ ಗೊಬ್ಬರದ ಅಂಶ ಇದ್ದಷ್ಟೂ ನೀರು ಗುಲಾಬಿಯಾಗುತ್ತದೆ. ಮೊದಲ ತಿಂಗಳು ಮೇಲಿನ ಬಾಟಲಿ ಗುಲಾಲು ಕಲಸಿದ ಹಾಗಾಯಿತು. ಕೆಳಗಿನದು ಹೆಚ್ಚುಕಡಿಮೆ ನೀರಾಗಿಯೇ ಉಳಿಯಿತು.

"ನೋಡ್ರಿ ಅಕ್ಕಾ," ಅಂದಳು ಅಂಜನಾ, "ಮ್ಯಾಲಿನ ಯೂರಿಯಾ ಒಂದಿಷ್ಟ ಈ ಆಪು ತಿಂದು, ಉಳದದ್ದನ್ನ ಈ ಕೆಸರು ಮುರದು ಗಾಳಿಗೆ ಬಿಟ್ಟು, ನೀರ ಸೋಸಿ ಕೆಳಗ ಬಿಡಾಕತ್ತೈತಿ. ಕಾಲುವಿ ಹೊಡದ್ರ ಸೋಸವರು ಯಾರೂ ಇರೂದಿಲ್ಲ. ಸೀದಾ ಬಾವಿಗೆ."

"ಕುದಿಸಿದ್ರ ಹೋಗೂದಿಲ್ಲೇನ?"

"ಇಲ್ರಿ. ಕುದಿಸಿದಷ್ಟೂ ಗಟ್ಟಿ ಆಕ್ಕೈತಿ. ಎಳೀ ಕೂಸಿಗಂತೂ ಭಾಳ ಕೆಟ್ಟದ್ದು. ಒಂದ ತಿಂಗಳದಾಗ ಹೇಳಾಕ ಬರೂದಿಲ್ಲ, ಇನ್ನೊಂದೆರಡ ಸಲ ನೋಡೂನು. ಮುಂದಿನ ನೀರ ನೀವಽ ತುಂಬಿಡ್ರಿ, ನಾ ಬಂದು ಒಯ್ತೇನಿ."

ಸಿದ್ದಕ್ಕ ತುಂಬಿಟ್ಟಳು. ಎರಡೂ ಬಾಟಲಿಯನ್ನು ಆಪಿನ ಕೆಳಗಡೆಯೇ ತುಂಬಿದಳು. ಎಂಟು ವರ್ಷ ಕಾದ ಹೆಂಗಸಿನ ಕೈ ಅದು. ಅಂಜನಾ ಬಂದು ಅಲ್ಲೇ ಪುಡಿ ಹಾಕಿದಾಗ ಎರಡೂ ಬಣ್ಣವೇರದೆ ಉಳಿದವು; ಅವಳು ಹುಬ್ಬು ಗಂಟಿಕ್ಕಿದಳು. "ಹಂಗಾರ ಮ್ಯಾಗಿಂದ ಏನೂ ಬರಾಕತ್ತಿಲ್ಲ. ಹೋದ ಸಲ ನಂದಽ ಏನರ ತಪ್ಪಾಗಿರಬೇಕ," ಅಂದು ಬರೆದುಕೊಂಡಳು. ತನ್ನ ಕಳ್ಳತನಕ್ಕೆ ಆ ಹುಡುಗಿ ತಪ್ಪು ಹೊತ್ತುಕೊಂಡದ್ದು ಸಿದ್ದಕ್ಕನಿಗೆ ಚುಚ್ಚಿತು. ಆದರೂ ಬಾಟಲಿ ತೊಳೆದು ಕೊಟ್ಟು ಅವಳನ್ನು ಕಳಿಸಿದಳು.

ಮರುದಿನ ಬೆಳಿಗ್ಗೆ ಗಂಜಿಯ ಪಾತ್ರೆಗೆ ನೀರು ಸುರಿಯಲು ಕೊಡ ಎತ್ತಿದಾಗ ಅವಳಿಗೆ ಐದು ವರ್ಷದ ಹಿಂದಿನದು ನೆನಪಾಯಿತು. ಆಪನ್ನು ಹೇಗಾದರೂ ತೊಲಗಿಸಬೇಕೆಂದು ಬೇಸಿಗೆಯಲ್ಲಿ ಆಳು ಹಚ್ಚಿ ಎಲ್ಲಾ ಕಡಿಸಿ ಸುಡಿಸಿದ್ದಳು. ಆ ವರ್ಷವೇ ಬಾವಿಯ ನೀರು ಹಸಿರಾಗಿ ಪಾಚಿ ವಾಸನೆ ಹೊಡೆದಿತ್ತು. ಮಕ್ಕಳು ಗಂಜಿ ಮುಟ್ಟದೆ ಮುಖ ತಿರುಗಿಸಿದ್ದವು. ಆಪು ಮತ್ತೆ ಎದ್ದ ಮೇಲೆ ನೀರು ತಿಳಿಯಾಗಿತ್ತು. ಆಗ ಅವಳು ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಈಗ ನೋಡಿದಳು, ನೋಡಿದ್ದನ್ನು ಮರೆಯಲು ಆಗಲಿಲ್ಲ. ಕಾಲುವೆ ಬಂದರೆ ತನ್ನ ಮನೆಗೆ ಜಕ್ಕಪ್ಪ ಬರುತ್ತಾನೆ. ಇಪ್ಪತ್ತೆರಡು ಮಕ್ಕಳ ಗಂಜಿಗೆ ಆ ನೀರು ಬರುತ್ತದೆ. ಸೇದಿ, ಕುದಿಸಿ, ಬಡಿಸುವ ಕೈ ತನ್ನದೇ.

ಆ ದಿನ ಮಕ್ಕಳಿಗೆ ಉಣಿಸಿ, ಸಂಜೆಯ ಬಸ್ಸು ಹಿಡಿದು ಬನಹಟ್ಟಿಗೆ ಹೋದಳು. ಸೆರಗಿನಲ್ಲಿ ಸುತ್ತಿಕೊಂಡದ್ದು ಆಪಿನ ಮೇಲುಗಡೆಯ ನೀರಿನ ಬಾಟಲಿ. ಮಗ್ಗದ ಸದ್ದಿನಲ್ಲಿ ಮಾತು ಕೇಳದೆ ಅಂಜನಾ ಅವಳನ್ನು ಹೊರಗೆ ಕರೆದುಕೊಂಡು ಬಂದಳು.

"ನಿನ್ನ ತಪ್ಪಲ್ಲ ಅದು. ನಾ ಸುಳ್ಳ ನೀರ ಕೊಟ್ಟಿದ್ದೆ," ಅಂದಳು ಸಿದ್ದಕ್ಕ. "ಖರೆ ನೀರು ಇದು."

ಅಂಜನಾ ಬೈಯಲಿಲ್ಲ. "ಯಾಕ ಅಕ್ಕಾ?" ಅಂದಳು, ಅಷ್ಟೇ. ಸಿದ್ದಕ್ಕ ಹೇಳಲಿಲ್ಲ. ಹೇಳಿದರೆ ಈ ಹುಡುಗಿ ನಗುತ್ತಾಳೆ ಅಂದುಕೊಂಡಳು.

ಸಭೆ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ನಡೆಯಿತು. ಮೇಲಿನ ರೈತರ ಪರವಾಗಿ ಮುತ್ತಣ್ಣ ಬಂದಿದ್ದ, ಒಳ್ಳೆಯ ಮನುಷ್ಯ, ಆದರೆ ಕಬ್ಬಿನ ಹೊರತು ಬೇರೇನೂ ಕಾಣದವನು. ಅಂಜನಾ ಬಾಟಲಿಗಳ ಬಣ್ಣ ತೋರಿಸಿದಳು. ಸಿದ್ದಕ್ಕ ಇಂಜಿನಿಯರಿಗೆ ಕೇಳಿದಳು, "ಆಪು ಉಳಿಸಿ ನನ್ನ ಹೊಲ ಆರಸಾಕ ಬರೂದಿಲ್ಲೇನ್ರಿ?"

ಅವರು ನಕ್ಷೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. "ಆಪಿಗೆ ನೀರ ಬೇಕ್ರಿ, ಜೋಳಕ್ಕ ಆರಿದ ನೆಲ ಬೇಕು. ಮ್ಯಾಗಿನ ನಲವತ್ತ ಎಕರೆ ನೀರು ಸೋಸಬೇಕಂದ್ರ ಈ ಐದೂ ಎಕರೆ ಬೇಕ. ಪೈಪಿನ ಬಾಯಿ ನಿಮ್ಮ ಆಪಿನ ತಲಿಗೇ ಬಿಡಬಹುದು. ಅವರ ಹೊಲ ಆರತಾವು. ನಿಮ್ಮದು ಮಾತ್ರ ಇನ್ನ ಯಾವತ್ತೂ..."

"ನೀರ ಆಪಿಗೇ ಬಿಡ್ರಿ," ಅಂದಳು ಸಿದ್ದಕ್ಕ. ಎಷ್ಟು ಬೇಗ ಅಂದಳೆಂದರೆ ಮುತ್ತಣ್ಣನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳುವ ಬದಲು ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಮುತ್ತಣ್ಣನ ಕಡೆ ತಿರುಗಿ, "ಕೂಳಿ ಕಿತ್ತ ಮ್ಯಾಲ ಒಂದಿಷ್ಟ ದಿನ ಹೊಲ ಖಾಲಿ ಬಿಡು. ನಮ್ಮ ಕುರಿ ತರಬಾಕ," ಅಂದಳು.

"ಕಬ್ಬಿನ ಹೊಲ ಖಾಲಿ ಬಿಡೂದಂದ್ರ ಹೆಂಗ ಬೇ..." ಎಂದು ಶುರು ಮಾಡಿದ ಮುತ್ತಣ್ಣ ಅವಳ ಮುಖ ನೋಡಿದ. ತಲೆ ಕೆರೆದುಕೊಂಡ. "ಹದಿನೈದ ದಿನ. ಅದಕ್ಕಿಂತ ಒಂದ ದಿನ ಹೆಚ್ಚಾಗೂದಿಲ್ಲ."

ಮಾಘದಲ್ಲಿ ಪೈಪು ಬಿದ್ದವು. ನೀರು ಬಿಡುವ ದಿನ ಇಂಜಿನಿಯರು ಅವಳನ್ನೂ ಕರೆದರು. ಆರು ಪೈಪುಗಳ ಬಾಯಿಂದ ಮೇಲಿನವರ ನೀರು ಅವಳ ಹೊಲಕ್ಕೆ ಧೋ ಎಂದು ಬಿತ್ತು. ಬದುವಿನ ಹತ್ತಿರ ಆಪಿಲ್ಲದೆ ಉಳಿದಿದ್ದ ತುಂಡು ಜಾಗವೂ ಮುಳುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿದ್ದಕ್ಕನಿಗೆ ತನ್ನವರಿಗೆ ಮಣ್ಣು ಕೊಟ್ಟು ಬಂದ ಹಾಗಾಗಿತ್ತು. ಯಾರಿಗೂ ಹೇಳದೆ ಎದ್ದು ಮನೆಗೆ ಹೋದಳು.

ಅದು ಸೋಮವಾರವಾಗಿರಲಿಲ್ಲ. ಮಧ್ಯಾಹ್ನದ ಬಿಸಿಲು. ಅವಳೇ ಫೋನು ಮಾಡಿದಳು.

"ಏನಾತು?" ಜಕ್ಕಪ್ಪ ಗಾಬರಿಯಾದ. "ಹೊಲ ಆರಿತೇನು?"

"ಇಲ್ಲ. ಇನ್ನ ಆರೂದಿಲ್ಲ. ನಾನಽ ನೀರ ಬಿಡ ಅಂದೆ." ಬಾವಿ, ಮಕ್ಕಳು, ಬಾಟಲಿ, ತನ್ನ ಕಳ್ಳತನ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮುತ್ತಣ್ಣನ ಹದಿನೈದು ದಿನದ ಮಾತನ್ನೂ ಹೇಳಿದಳು.

ಅವನು ಕುರಿಗಾರನ ಹಾಗೇ ಯೋಚಿಸಿದ. "ಇಲ್ಲಿಂದ ಎಂಟ ದಿನದ ಹಾದಿ. ಬರಾಕ ಎಂಟು, ಹೋಗಾಕ ಎಂಟು. ಹದಿನೈದ ದಿನಕ್ಕ ಕುರಿ ಅಷ್ಟು ನಡಸೂದು ಹೆಂಗ?"

"ಕುರಿ ಬ್ಯಾಡ. ಯಾರ ಕೈಯಾಗರ ಬಿಟ್ಟು ನೀ ಒಬ್ಬನಽ ಬಾ."

"ನಾ ಒಬ್ಬನಽ ಬಂದು ಅಲ್ಲೇನ ಮಾಡ್ಲಿ? ಹೊಲಾನಽ ಇಲ್ಲಂದ ಮ್ಯಾಲ?"

ಎಂಟು ವರ್ಷಗಳಲ್ಲಿ ಸಿದ್ದಕ್ಕ ಈ ಪ್ರಶ್ನೆಯ ಹತ್ತಿರ ಬಂದು ಬಂದು ಹಿಂದೆ ಸರಿದಿದ್ದಳು. ಈಗ ಸರಿಯಲು ಹಿಂದೆ ಜಾಗ ಇರಲಿಲ್ಲ.

"ಹೊಲ ಹೋತು," ಅಂದಳು. "ಇನ್ನ ಹೊಲದ ಹೆಸರ ಹೇಳಿ ನಿನ್ನ ಕರಿಯಾಕ ಬರೂದಿಲ್ಲ ನನಗ. ನನಗಽ ಬೇಕಾಗಿ ಕರಿಯಾಕತ್ತೇನಿ. ಬಾ."