ಹುಳುಮನೆಯ ದಾರಿ

ಪಾರ್ಶ್ವವಾಯು ಬಡಿದವರನ್ನು ಇಟ್ಟುಕೊಂಡು ನೋಡಿಕೊಳ್ಳಲು ಅಗರ ಊರಿನ ಹೊರಗೆ ನಾಲ್ಕು ಕೋಣೆ ಕಟ್ಟಲು ಹೊರಟಿದ್ದೆ. ನಾನು ನರ್ಸು, ಜಾಗ ಹೊಲದ್ದು, ಕಟ್ಟಲು ಸರ್ಕಾರದ ಅನುಮತಿ ಬೇಕು. ಅದಕ್ಕೆ ಮುನ್ನ ಕಂದಾಯ ಇಲಾಖೆಯ ಆರ್‌ಐ ಸ್ಥಳಕ್ಕೆ ಬಂದು ಅಕ್ಕಪಕ್ಕದವರ ಹೇಳಿಕೆ ಬರೆದುಕೊಳ್ಳಬೇಕು. ಪಕ್ಕದಲ್ಲಿದ್ದದ್ದು ಮಾದಪ್ಪನವರು ರೇಷ್ಮೆ ಹುಳು ಸಾಕುವ ಮನೆಯೊಂದೇ.

"ನಾನು ಸೈನ್ ಆಕಕಿಲ್ಲ ಸಾ," ಅಂದರು ಮಾದಪ್ಪ. "ಊರೂರಿನ ಕಾಯ್ಲೆಯೋರು, ಅವರ್ನ ನೋಡಕ್ ಬರೋ ನೆಂಟ್ರು, ಎಲ್ಲಾ ನನ್ ಬಾಗ್ಲ ಮುಂದ್ಲೇ ಓಡಾಡ್ತಾರೆ. ಆಮ್ಯಾಲೆ ನನ್ ಉಳ ಬದುಕ್ತವಾ?"

"ಇವರು ತಕರಾರು ಅಂದ್ರೆ ನಾನು ಹಾಗೇ ಬರೀಬೇಕಮ್ಮ," ಎಂದು ಆರ್‌ಐ ಪೆನ್ನಿನ ಮುಚ್ಚಳ ತೆಗೆದರು.

ಹಾಗೆ ಬರೆದರೆ ನನ್ನ ಕಥೆ ಅಲ್ಲಿಗೇ ಮುಗಿಯಿತು.

"ಮಾದಪ್ಪನೋರೇ, ನಿಮ್ಮ ಹುಳುಮನೆಗೆ ಯಾರಾದ್ರೂ ಬಂದ್ರೆ ಏನ್ಮಾಡ್ತೀರ?"

"ಬ್ಲೀಚಿಂಗ್ ನೀರ್ನಲ್ಲಿ ಕಾಲ್ ತೊಳೀದೆ ಒಳಿಕ್ ಬುಡಕಿಲ್ಲ. ನಮ್ಮ ಅಳಿಮಯ್ಯ ಬಂದ್ರೂ ಅಷ್ಟೇಯ."

"ನಮ್ಮಿಬ್ಬರ ಜಾಗಕ್ಕೂ ರೋಡಿಂದ ಬರೋಕೆ ಇರೋದು ಒಂದೇ ದಾರಿ. ರೋಡಿನ ಹತ್ರಾನೇ ಗೇಟು ಹಾಕಿಸ್ತೀನಿ, ಅಲ್ಲೇ ಬ್ಲೀಚಿಂಗ್ ನೀರಿನ ತೊಟ್ಟಿ ಕಟ್ಟಿಸ್ತೀನಿ. ಕಾಲು ತೊಳೆದೋರಿಗಷ್ಟೇ ಗೇಟು ತೆಗೀರಿ, ಬೀಗದ ಕೈ ನಿಮ್ಮತ್ರಾನೇ ಇರಲಿ."

ಮಾದಪ್ಪ ನನ್ನ ಚಪ್ಪಲಿಯನ್ನೇ ನೋಡಿದರು. ಆಮೇಲೆ ಪೆನ್ನಿಗೆ ಕೈ ಚಾಚಿದರು.

ಕಟ್ಟಡ ಎದ್ದಿತು, ರೋಗಿಗಳೂ ಬಂದರು. ಮೊನ್ನೆ ಅದೇ ಆರ್‌ಐ ನೋಡಿಹೋಗಲು ಬಂದವರು ಬೂಟು ಬಿಚ್ಚಿ ಕಾಲು ತೊಳೆಯುವುದಿಲ್ಲ ಅಂದರು. ಮಾದಪ್ಪ ಗೇಟು ತೆಗೆಯಲಿಲ್ಲ. ಅನುಮತಿಗೆ ಹೇಳಿಕೆ ಬರೆದುಕೊಂಡಿದ್ದ ಸಾಹೇಬರು ರೋಡಿನಿಂದಲೇ ಕತ್ತು ಉದ್ದ ಮಾಡಿ ಪರಿಶೀಲನೆ ಮುಗಿಸಿದರು.