ತಿರುಪಿನೊಳಗಿನ ಜೋಳದ ಹಿಟ್ಟು

ಆ ಉಂಗುರದ ತಲೆ ತಾನಾಗಿಯೇ ಬಿಚ್ಚಿ ಬೀಳುತ್ತಿತ್ತು. ಬೀಳುವುದಿಲ್ಲ ಎಂದು ನಾನು ಹೇಳಿದೆ. ಧಾರವಾಡದ ಒಬ್ಬ ವಕೀಲರ ಪಡಸಾಲೆಯಲ್ಲಿ, ಮನೆಮಂದಿಯೆಲ್ಲ ನಿಂತು ಕೇಳುತ್ತಿರುವಾಗ, ಕುರ್ಚಿಯ ಮೇಲೆ ಕುಳಿತು ಹೇಳಿದೆ. ಆ ಒಂದು ಮಾತಿನಿಂದ ಆ ಮನೆಯ ಸೊಸೆ ನೀಲವ್ವನಿಗೆ ತವರುಮನೆ ಇಲ್ಲದಂತಾಯಿತು. ಈಗ ಆಕೆಯ ಮಗಳೇ ಮದುವೆಯ ವಯಸ್ಸಿಗೆ ಬಂದಿದ್ದಾಳೆ. ಇಷ್ಟು ವರ್ಷ ಆ ಮನೆಯಲ್ಲಿ ನಾನು ಬಾಯಿ ಬಿಟ್ಟಿಲ್ಲ.

ನಾನು ಹುಬ್ಬಳ್ಳಿಯ ಪತ್ತಾರ, ಬಂಗಾರದ ಕೆಲಸದವನು, ಹೆಸರು ಮೌನಪ್ಪ. ನನ್ನ ಸಾಲಿ ನಾಲ್ಕನೇ ಇಯತ್ತೆಗೆ ಮುಗಿಯಿತು. ಅಪ್ಪನ ಕಣ್ಣು ಮಂಜಾದವು, ಕುಲುಮೆಯ ಮುಂದೆ ಯಾರಾದರೂ ಕೂಡಬೇಕಿತ್ತು, ನಾನು ಕುಳಿತೆ. ಅದಕ್ಕೆ ನನಗೆ ದುಃಖವಿಲ್ಲ. ಆದರೆ ಸೊಕ್ಕು ಇತ್ತು. ಕೋಟು ಹಾಕಿದವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು "ಇದನ್ನ ಹೆಂಗ ಮಾಡಿದ್ಯೋ?" ಎಂದು ಕೇಳಿದರೆ ನಾನು ಉತ್ತರ ಕೊಡುತ್ತಿರಲಿಲ್ಲ, ನಗುತ್ತಿದ್ದೆ. ಆ ನಗೆಯ ರುಚಿ ನನಗೆ ಬಹಳ ಹತ್ತಿತ್ತು.

ಆ ಉಂಗುರದ ಯೋಚನೆ ನನ್ನದೇ. ಹೆಂಗಸರ ಕಿವಿಯ ಓಲೆಗೆ ಹಿಂದಿನಿಂದ ತಿರುಪು ಹಾಕುತ್ತೇವಲ್ಲ — ಅದನ್ನು ಉಂಗುರಕ್ಕೆ ಯಾಕೆ ತರಬಾರದು ಎಂದು ಒಂದು ದಿನ ಹೊಳೆಯಿತು. ಬೆರಳಿಗೆ ಕೂಡುವ ಪಟ್ಟಿ, ನಾವು ಬಳೆ ಅನ್ನುವುದು, ಒಂದೇ, ಮೇಲೆ ಕೂಡುವ ತಲೆಗಳು ಬೇರೆ ಬೇರೆ. ಒಂದರಲ್ಲಿ ಕೆಂಪು ಹರಳು, ಒಂದರಲ್ಲಿ ಪಚ್ಚೆ, ಇನ್ನೊಂದರಲ್ಲಿ ಹರಳೇ ಇಲ್ಲ, ಹೆಸರಿನ ಮೊದಲ ಅಕ್ಷರ. ಬೇಕಾದ ತಲೆಯನ್ನು ತಿರುವಿ ಕೂಡಿಸಬೇಕು, ಉಳಿದದ್ದನ್ನು ಮಖಮಲ್ಲಿನ ಡಬ್ಬಿಯಲ್ಲಿ ಇಡಬೇಕು. ಪೇಟೆಯ ಸಾವುಕಾರರು, ಕೋರ್ಟಿಗೆ ಹೋಗುವ ವಕೀಲರು ಹಾಕಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕೊಂಡವರು ಅವರೇ, ಆದರೆ ಹಾಕಿಕೊಂಡವರು ಅವರ ಮನೆಯ ಸೊಸೆಯರು. ಗಂಡನ ಹೆಸರನ್ನು ಬಾಯಿಂದ ಹೇಳಬಾರದು, ಹೇಳಲೇಬೇಕಾದರೆ ಒಡಪದ ಪದ್ಯದಲ್ಲಿ ಸೇರಿಸಿ ಹೇಳಬೇಕು. ಅವನ ಅಕ್ಷರವನ್ನು ಬೆರಳ ಮೇಲೆ ಹೊತ್ತು ತಿರುಗುವುದಕ್ಕೆ ಮಾತ್ರ ಯಾವ ಅತ್ತೆಯೂ ಬೇಡ ಅನ್ನಲಿಲ್ಲ. "ಪಾಪ, ಒಡಪ ಕಟ್ಟೂ ತ್ರಾಸರ ತಪ್ಪಿತ ಬಿಡ್ರಿ" ಎಂದು ನನ್ನ ಹೆಂಡತಿ ಗೌರವ್ವ ನಕ್ಕಿದ್ದಳು.

ತಿರುಪಿನ ಸಣ್ಣ ಸುತ್ತುಗಳನ್ನು ಕೊರೆಯುವ ಹತಾರ ಕೊಟ್ಟವರು ಬಾಜೂ ಅಂಗಡಿಯ ಇಮಾಮಸಾಹೇಬರು, ಗಡಿಯಾರ ರಿಪೇರಿಯವರು. ಮೊದಲ ಉಂಗುರವನ್ನು ಕಣ್ಣಿನ ಭಿಂಗದಲ್ಲಿ ನೋಡಿ ಅವರು ತಲೆಯಾಡಿಸಿದರು.

"ನಾಕ ಸುತ್ತರ ಇರಲಿ, ಮೌನಪ್ಪ. ಎರಡ ಸುತ್ತಿನ ತಿರುಪು ಅಂದ್ರ ಸಿಟ್ಟಿನ ಅಳಿಯಾ ಇದ್ದಂಗ. ಯಾವಾಗ ಎದ್ದ ಹೊಕ್ಕಾನೋ ಹೇಳಾಕ ಬರೂದಿಲ್ಲ."

ನಾಲ್ಕು ಸುತ್ತು ಕೊಟ್ಟರೆ ತಲೆ ಎತ್ತರವಾಗಿ ಕೂಡುತ್ತದೆ, ಕೂಡಿಸಿದ ಗೆರೆ ಕಾಣುತ್ತದೆ. ಎರಡಾದರೆ ಅಚ್ಚಿನಲ್ಲಿ ಹೊಯ್ದಂತೆ ಒಂದೇ ಸಮ. ಗೆರೆ ಕಾಣದಿರುವುದೇ ನನ್ನ ಹೆಚ್ಚುಗಾರಿಕೆ.

"ಗಡಿಯಾರದ ಮಾತ ಗಡಿಯಾರಕ್ಕ ಇರಲಿ ಸಾಹೇಬ್ರ, ಬಂಗಾರದ್ದು ನನಗ ಬಿಡ್ರಿ" ಎಂದೆ. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ನಾನು ಇನ್ನೊಮ್ಮೆ ಯೋಚಿಸುತ್ತಿದ್ದೆನೇನೋ — ಇಲ್ಲ, ಯೋಚಿಸುತ್ತಿರಲಿಲ್ಲ.

ಧಾರವಾಡದ ವಕೀಲರು ತಮ್ಮ ಹೊಸ ಸೊಸೆಗೆಂದು ಅಂಥದೊಂದು ಉಂಗುರ ಮಾಡಿಸಿದರು. ಅದಕ್ಕೆ ಕೂಡಿಸಿದ ಕೆಂಪು ಹರಳು ಪೇಟೆಯಲ್ಲಿ ಕೊಂಡದ್ದಲ್ಲ. ವಕೀಲರ ತಾಯಿಯ ಕಿವಿಯ ಬುಗುಡಿಯಿಂದ ಬಿಡಿಸಿದ್ದು, ಆ ಮನೆಯಲ್ಲಿ ದೇವರ ಹಾಗೆ ಇದ್ದದ್ದು. ನೀಲವ್ವ ಉಪ್ಪಿನಬೆಟಗೇರಿಯ ಒಕ್ಕಲು ಮನೆತನದವಳು. ತಾಯಿ ತಂದೆ ಇರಲಿಲ್ಲ. ತವರುಮನೆ ಅಂದರೆ ಒಬ್ಬ ಅಣ್ಣ, ಚನ್ನಪ್ಪ.

ಕಾರಹುಣ್ಣಿಮೆ ಮುಂದಿಟ್ಟುಕೊಂಡು ಚನ್ನಪ್ಪ ತಂಗಿಯನ್ನು ನೋಡಲು ಬಂದಿದ್ದ. ಪಡಸಾಲೆಯಲ್ಲಿ ಕುಳಿತು ಉಂಗುರವನ್ನು ಕೈಯಲ್ಲಿ ಹಿಡಿದು, ತಲೆಯನ್ನು ತೆಗೆದು, ಹಾಕಿ, ಮತ್ತೆ ತೆಗೆದು ಸಣ್ಣ ಹುಡುಗನ ಹಾಗೆ ಬೆರಗಾಗಿದ್ದನಂತೆ. "ಇದನ್ನ ಮಾಡಿದಾಂವ ಪತ್ತಾರ ಅಲ್ಲ, ಗಾರುಡಿಗ ಇರಬೇಕು" ಅಂದನಂತೆ. ಮರುದಿನ ಊರಿಗೆ ಹೋದ. ಅವನು ಹೋದ ದಿನ ಸಂಜೆ ನೋಡಿದರೆ ನೀಲವ್ವನ ಬೆರಳಲ್ಲಿ ಬಳೆ ಇತ್ತು, ಕೆಂಪು ಹರಳಿನ ತಲೆ ಇರಲಿಲ್ಲ; ಯಾವಾಗ ಹೋಯಿತೆಂದು ಆಕೆಗೂ ಗೊತ್ತಿರಲಿಲ್ಲ.

ಮನೆಯೆಲ್ಲ ಹುಡುಕಿದರು. ಒಲೆಯ ಬೂದಿ ಜರಡಿ ಹಿಡಿದರು. ಆಮೇಲೆ ನನಗೆ ಹೇಳಿ ಕಳಿಸಿದರು.

ಹೋದೆ. ವಕೀಲರು ಎದುರಿಗೆ ಕುರ್ಚಿ ಹಾಕಿಸಿದರು. ಆ ಮನೆಯಲ್ಲಿ ನಾನು ಯಾವಾಗಲೂ ಜಮಖಾನೆಯ ಅಂಚಿಗೆ ಕೂಡುತ್ತಿದ್ದೆ. "ಕೂಡು ಮೌನಪ್ಪ. ಇದು ನಿನ್ನ ವಿದ್ಯಾ. ಇದರಾಗ ನಿನ್ನ ಮಾತ ಸಾಕ್ಷಿ" ಅಂದರು. ಕುಳಿತೆ. ನಾಲ್ಕನೇ ಇಯತ್ತೆಯವನು, ವಕೀಲರ ಸಮಕ್ಕೆ.

ಬರಿದಾದ ಬಳೆಯನ್ನು ನನ್ನ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದೆ. ತಿರುಪಿನ ಎರಡು ಸುತ್ತಿನ ನಡುವೆ ಬೆಳ್ಳಗೆ ಏನೋ ಒಣಗಿ ಕೂತಿತ್ತು. ಜೋಳದ ಹಿಟ್ಟು. ಹೆಬ್ಬೆರಳ ಉಗುರಿನಿಂದ ಅದನ್ನು ಕೆರೆದು ತೆಗೆದೆ, ಧೋತರಕ್ಕೆ ಒರೆಸಿದೆ. ಪತ್ತಾರನ ಕೈ — ಹೊಲಸು ಕಂಡರೆ ತಾನೇ ಒರೆಸುತ್ತದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ಆ ಹಿಟ್ಟು ನನಗೆ ಏನೋ ಹೇಳಲು ಬಂದಿತ್ತು. ಅದು ಹೇಳಿ ಮುಗಿಸುವ ಮೊದಲೇ ಒರೆಸಿದೆ.

"ಇದು ತಾನಾಗಿ ಬಿಚ್ಚಿ ಬೀಳತೈತೇನು?" ಎಂದು ವಕೀಲರು ಕೇಳಿದರು.

ಇಮಾಮಸಾಹೇಬರು ಹೇಳಿದ ಸಿಟ್ಟಿನ ಅಳಿಯನ ಮಾತು ನೆನಪಾಯಿತು. ಖರೇ, ಆ ಗಳಿಗೆಯಲ್ಲೇ ನೆನಪಾಯಿತು. ಆದರೂ ಅಂದೆ:

"ತಾನಾಗಿ ಬೀಳೂದಿಲ್ರಿ. ಯಾರರ ಕೈಲೆ ತಿರುವಿದ್ರ ಅಷ್ಟ ಬರತೈತಿ."

ಇಷ್ಟೇ ಮಾತು. ವಕೀಲರ ಹೆಂಡತಿ ಸೊಸೆಯ ಕಡೆ ತಿರುಗಿದಳು. "ಅಣ್ಣ ಬಂದಾಗ ಉಂಗುರಾ ಯಾರ ಕೈಯಾಗ ಇತ್ತವಾ, ನೀಲವ್ವಾ? ಆಟಾ ಆಡಾಕ ಭಾಳ ಛಲೋ ಇತ್ತಲ್ಲಾ?"

"ನೋಡಿ ತಿರುಗಿ ಕೊಟ್ಟಾನ್ರಿ ಅತ್ತಿ..." ಅಂದಳು ನೀಲವ್ವ. ಮುಂದೆ ಏನೋ ಹೇಳಲು ಹೋಗಿ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಬಳೆಯನ್ನು ನೋಡುತ್ತಿದ್ದೆ.

"ಇನ್ನ ಅಂವ ಈ ಹೊಸ್ತಿಲಾ ತುಳೀಬಾರದು" ಎಂದು ವಕೀಲರು ಎದ್ದರು. ಹೊರಡುವಾಗ ನನಗೆ ಚಹಾ ಕೊಟ್ಟರು. ಕುಡಿದೆ.

ಆದರೆ ಆ ಹಿಟ್ಟು ಮನಸ್ಸಿನಿಂದ ಹೋಗಲಿಲ್ಲ. ಅದೇ ನಮೂನೆಯ ಒಂದು ಉಂಗುರವನ್ನು ಗೌರವ್ವನಿಗೆ ಕೊಟ್ಟೆ. ಆಕೆ ಬಹುಮಾನ ಅಂದುಕೊಂಡು ಖುಷಿಪಟ್ಟಳು. ನಾನು ಪರೀಕ್ಷೆಗೆ ಕೊಟ್ಟಿದ್ದೆ. ಅದನ್ನೂ ಹೇಳಲಿಲ್ಲ.

ರೊಟ್ಟಿ ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ನಮ್ಮ ಕಡೆ ಮನೆಮನೆಯಲ್ಲೂ ರೊಟ್ಟಿಯ ರಾಶಿ. ಗೌರವ್ವ ಬೆಳಗಿನಿಂದ ಬಡಿಯುತ್ತಿದ್ದಳು. ಒಮ್ಮೆಲೇ ಕರೆದಳು: "ಇಲ್ಲಿ ಬರ್ರಿ. ನಿಮ್ಮ ಉಂಗುರದ ತಲಿ ರೊಟ್ಟ್ಯಾಗ ಮಕ್ಕೊಂಡೈತಿ ನೋಡ್ರಿ!"

ಕಲ್ಲಿನ ಮೇಲೆ ಅರ್ಧ ಬಡಿದ ರೊಟ್ಟಿ, ಅದರ ನಡುವೆ ಪಚ್ಚೆ. ನಾನು ಅಲ್ಲೇ ಕುಳಿತು ಇನ್ನೊಂದು ರೊಟ್ಟಿ ಬಡಿಯಲು ಹೇಳಿ ನೋಡಿದೆ. ಬಡಿಯುವ ಕೈ ಬರೀ ಬಡಿಯುವುದಿಲ್ಲ, ರೊಟ್ಟಿಯನ್ನು ತಿರುಗಿಸುತ್ತ ಬಡಿಯುತ್ತದೆ. ಯಾವಾಗಲೂ ಒಂದೇ ದಿಕ್ಕಿಗೆ. ಬೆರಳಲ್ಲಿ ಉಂಗುರ ಜಾರಿ ತಲೆ ಅಂಗೈ ಕಡೆ ಬಂದಿತೋ, ಪ್ರತಿ ಪೆಟ್ಟಿಗೂ ಹಿಟ್ಟು ಅದನ್ನು ಹಿಡಿದು ಕೂದಲೆಳೆಯಷ್ಟು ತಿರುವುತ್ತದೆ. ನನ್ನ ತಿರುಪು ಬಿಚ್ಚುವುದೂ ಅದೇ ದಿಕ್ಕಿಗೆ. ನಾನು ಕುರ್ಚಿಯ ಮೇಲೆ ಕೂಡುವವರ ಬೆರಳಿಗೆಂದು ಉಂಗುರ ಮಾಡಿದ್ದೆ. ಹೆಂಗಸರ ಕೈ ದಿನಾ ಏನು ಮಾಡುತ್ತದೆ ಎಂದು — ಹುಟ್ಟಿದಾಗಿನಿಂದ ಆ ಕೈಯ ರೊಟ್ಟಿ ತಿಂದವನು — ಒಂದು ದಿನವೂ ನೋಡಿರಲಿಲ್ಲ. ನೀಲವ್ವನ ಕೆಂಪು ರೊಟ್ಟಿಯ ಕಲ್ಲಿನಿಂದ ಕಲಗಚ್ಚಿಗೆ ಬಿದ್ದು ಎಮ್ಮೆಯ ಹೊಟ್ಟೆಗೆ ಹೋಗಿರಬೇಕು. ಅವರು ಬೂದಿ ಹುಡುಕಿದರು, ದನದ ಕೊಟ್ಟಿಗೆ ಹುಡುಕಲಿಲ್ಲ.

ಗೌರವ್ವನಿಗೆ ಎಲ್ಲ ಹೇಳಿದೆ. ಆಕೆ ಹಿಟ್ಟಿನ ಕೈಯಲ್ಲೇ ನಿಂತಳು. "ನಾಳೆ ಪಂಚಮಿ. ಎಲ್ಲಾರ ಅಣ್ಣತಮ್ಮಂದ್ರೂ ಕರ್ಯಾಕ ಬರತಾರ. ಇವತ್ತ ಹೋಗ್ರಿ. ಈಗ ಹೋದ್ರ ಆ ಹುಡುಗಿ ನಾಳೆ ತವರಮನ್ಯಾಗ ಜೋಕಾಲಿ ಆಡತಾಳ."

ರೈಲಿನ ಹೊತ್ತಿತ್ತು. ಅಂಗಿ ಹಾಕಿಕೊಂಡೆ. ಅಂಗಡಿಯ ಬಾಗಿಲಿಗೆ ಬಂದರೆ ಇಬ್ಬರು ಗಿರಾಕಿಗಳು ಅದೇ ಉಂಗುರ ಕೇಳಿಕೊಂಡು ನಿಂತಿದ್ದರು. ಹೋಗಿ ಹೇಳಿದರೆ ಊರೆಲ್ಲ ಗೊತ್ತಾಗುತ್ತದೆ. ಮೌನಪ್ಪನ ಉಂಗುರ ರೊಟ್ಟಿ ಬಡಿದರೆ ಬಿಚ್ಚುತ್ತದಂತೆ ಎಂದು ನಗುತ್ತಾರೆ. ಅಂಗಿ ಬಿಚ್ಚಿ ಕುಲುಮೆಯ ಮುಂದೆ ಕುಳಿತೆ. ಆ ವಾರದಿಂದಲೇ ನಾಲ್ಕು ಸುತ್ತು ಕೊರೆದೆ, ತಿರುಪಿನ ದಿಕ್ಕನ್ನೂ ಬದಲಿಸಿದೆ. "ಹೊಸಾ ನಮೂನಿ" ಎಂದು ಹೇಳಿ ಮಾರಿದೆ. ಇಮಾಮಸಾಹೇಬರು ಭಿಂಗದಲ್ಲಿ ನೋಡಿ "ಹಾಂ, ಈಗ ಅಳಿಯಾ ಮನ್ಯಾಗ ಉಳದಾ" ಅಂದರು. ಅವರ ಜೊತೆ ನಾನೂ ನಕ್ಕೆ.

ಗೌರವ್ವ ಆ ಉಂಗುರವನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ಹೋದ ವಾರ ನೀಲವ್ವ ಅಂಗಡಿಗೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿವೆ. ಅತ್ತೆ ಮಾವ ಇಬ್ಬರೂ ತೀರಿಕೊಂಡಿದ್ದಾರೆ, ಮನೆ ಈಗ ಆಕೆಯದೇ. ಮಗಳ ಮದುವೆಗೆ ಉಂಗುರ ಬೇಕಂತೆ. "ತಲಿ ತಿರುವೂದು ಬ್ಯಾಡ್ರಿ, ಮೌನಪ್ಪನವರ. ಹರಳು ಗಟ್ಟ್ಯಾಗಿ ಕೂತಿರಬೇಕು" ಅಂದಳು. ಅಳತೆ ಕೊಟ್ಟಳು. ಸೋದರಮಾವ ಬರುತ್ತಾರೇನು ಎಂದು ನಾನೇ ಕೇಳಿದೆ. ಯಾಕೆ ಕೇಳಿದೆನೋ.

"ಅಂವನ್ನ ಕರ್ಯೂದಿಲ್ರಿ. ಮೊದಲಿಗೆ ನಾನೂ ನಂಬಲಿಲ್ಲ, ಅತ್ತಿ ಸುಮ್ಮನ ಅಂತಾರ ಅಂತ ಅನಕೊಂಡೆ. ಆಮ್ಯಾಲ ವಿಚಾರ ಮಾಡಿದೆ. ಮಾಡಿದ ಪತ್ತಾರ ನೀವ ಹೇಳೀರಿ, ಕೈಲೆ ತಿರುವಿದ ಹೊರತು ಬರೂದಿಲ್ಲಂತ. ನಾ ತಿರುವಿಲ್ಲ. ಹಂಗಾದ್ರ ಉಳದಾಂವ ಅಂವನ ಅಲ್ರಿ?" ಚೀಲ ಎತ್ತಿಕೊಳ್ಳುತ್ತ ಅಂದಳು, "ಕೇಳಿದ್ರ ನಾನ ಕೊಡತಿದ್ದೆ. ಕಳುವು ಯಾಕ ಮಾಡಬೇಕಿತ್ತು?"

ನಾನು ತಿಳಿದದ್ದು ಬೇರೆ ಇತ್ತು. ಅತ್ತೆಯ ಮನೆಯವರು ಬಾಗಿಲು ಹಾಕಿದರು, ಆಕೆ ಒಳಗೆ ಅಳುತ್ತಿದ್ದಾಳೆ ಎಂದು ತಿಳಿದಿದ್ದೆ. ಅಷ್ಟಾಗಿದ್ದರೆ ಮಾವ ತೀರಿದ ದಿನವೇ ಬಾಗಿಲು ತೆರೆಯುತ್ತಿತ್ತು. ಚಿಲಕ ಆಕೆಯ ಮನಸ್ಸಿನ ಒಳಗಿನಿಂದ ಬಿದ್ದಿತ್ತು. ಹಾಕಿದವನು ನಾನು. ಇಷ್ಟು ಕೇಳಿಯೂ ಆ ಹೊತ್ತಿಗೆ ನಾನು ಏನು ಹೇಳಿದೆ ಗೊತ್ತೇ? "ಎಂಟ ದಿನದಾಗ ಉಂಗುರಾ ಕೊಡತೀನ್ರಿ" ಎಂದೆ.

ಒಳಗಿನಿಂದ ಗೌರವ್ವ ಎಲ್ಲ ಕೇಳಿದ್ದಳು. ಊಟಕ್ಕೆ ಕುಳಿತಾಗ ತಾಟಿನ ಬದಿಗೆ ಆ ಹಳೆಯ ಪಚ್ಚೆಯ ಉಂಗುರ ಇಟ್ಟಳು. "ಇದನ್ನ ಇಷ್ಟ ವರ್ಷ ನಾ ಯಾಕ ಇಟಗೊಂಡೀನಿ ಅಂತ ಒಂದ ದಿನಾನೂ ಕೇಳಲಿಲ್ಲ ನೀವು" ಅಂದಳು.

ನಿನ್ನೆ ಉಪ್ಪಿನಬೆಟಗೇರಿಗೆ ಹೋಗಿದ್ದೆ. ಚನ್ನಪ್ಪ ಹೊಲದಿಂದ ಬಂದು ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ. ನಿಂತೇ ಎಲ್ಲ ಹೇಳಿದೆ. ಹಿಟ್ಟು ಒರೆಸಿದ್ದನ್ನೂ ಹೇಳಿದೆ. ಹೊಡೆಯುತ್ತಾನೆ ಎಂದು ತಿಳಿದಿದ್ದೆ, ಹೊಡೆದಿದ್ದರೆ ಛಲೋ ಇತ್ತು. ಅವನು ಒಂದೇ ಮಾತು ಕೇಳಿದ: "ಅಕಿನೂ ನಂಬಿದ್ಲೇನು?"

ಸುಳ್ಳು ಹೇಳಲು ಬಾಯಿಗೆ ಬಂತು. ಹೇಳಲಿಲ್ಲ. "ಹೌದ್ರಿ. ನಾ ಹೇಳಿದ್ದಕ್ಕ ನಂಬಿದ್ರು."

"ನಾ ಇಷ್ಟ ದಿನ ವಕೀಲನ್ನ ಬೈಯ್ಕೋತ ಬಂದೆ" ಅಂದ. ಎತ್ತಿನ ಬೆನ್ನ ಮೇಲೆ ಕೈ ಇಟ್ಟ. ನಾನು ಖರೇ ಹೇಳಲು ಹೋಗಿ ಅವನಿಗೆ ಹೊಸ ಗಾಯ ಮಾಡಿದ್ದೆ. ಆಮೇಲೆ, ನನ್ನ ಕಡೆ ನೋಡದೆ, "ಇಲ್ಲಿ ಬಂದ ಹೇಳಿದ್ರ ಏನ ಬಂತು? ಎಲ್ಲಿ ಹೇಳಿದ್ಯೋ ಅಲ್ಲಿ ಹೇಳು" ಅಂದ. ಜೊತೆಗೆ ಬಾ ಎಂದು ಕರೆದೆ. "ಅಕಿ ಕರೀಲಿ. ಕರದ್ರ ಬರತೀನಿ" ಎಂದು ಎತ್ತುಗಳನ್ನು ಒಳಗೆ ಹೊಡೆದುಕೊಂಡು ಹೋದ.

ನಾಳೆ ಧಾರವಾಡಕ್ಕೆ ಹೋಗುತ್ತೇವೆ, ನಾನು ಮತ್ತು ಗೌರವ್ವ. ಮಗಳ ಉಂಗುರ ಸಿದ್ಧವಾಗಿದೆ, ಹರಳು ಗಟ್ಟಿಯಾಗಿದೆ. ಅದರ ಜೊತೆಗೆ ಎರಡು ಸುತ್ತಿನ ಹಳೆಯದೂ ಇದೆ. ಅದೇ ಪಡಸಾಲೆಯಲ್ಲಿ, ಆ ಮನೆಯ ಎಲ್ಲರ ಮುಂದೆ, ಗೌರವ್ವ ಅದನ್ನು ಹಾಕಿಕೊಂಡು ರೊಟ್ಟಿ ಬಡಿಯುತ್ತಾಳೆ. ಬರೀ ಬಾಯಿಮಾತು ಸಾಲದು, ನನ್ನ ಬಾಯಿ ಆ ಮನೆಯಲ್ಲಿ ಒಮ್ಮೆ ಸಾಕ್ಷಿ ಹೇಳಿ ಆಗಿದೆ. ಇಷ್ಟು ಬರೆದಿಟ್ಟದ್ದು ಯಾಕೆಂದರೆ, ಹಿಂದೆ ಒಮ್ಮೆ ಅಂಗಿ ಹಾಕಿಕೊಂಡು ಮತ್ತೆ ಬಿಚ್ಚಿದವನು ನಾನು.

ಕುರ್ಚಿ ಹಾಕಿದರೂ ಕೂಡುವುದಿಲ್ಲ. ನೀಲವ್ವ ಅಣ್ಣನನ್ನು ಕರೆಯುತ್ತಾಳೋ ಇಲ್ಲವೋ, ಅದು ಆಕೆಗೆ ಬಿಟ್ಟದ್ದು. ನನ್ನನ್ನು ಏನನ್ನುತ್ತಾಳೋ ಅದೂ ಆಕೆಗೆ ಬಿಟ್ಟದ್ದು. ತಲೆ ಬಿಚ್ಚಿ ಬಿದ್ದ ಮೇಲೆ ಬಳೆಯನ್ನು ಹಾಗೆಯೇ ಆಕೆಯ ಕೈಗೆ ಕೊಡುತ್ತೇನೆ. ತಿರುಪಿನಲ್ಲಿ ಕೂತ ಹಿಟ್ಟಿಗೆ ಈ ಸಲ ನಾನು ಉಗುರು ಹಚ್ಚುವುದಿಲ್ಲ.